ಅಭ್ಯಂಜನದ ನಂತರ ವಜ್ರದೋಲೆ ಮಂಕಾಗುವುದೇಕೆ?

ಪ್ರಶ್ನೆ: ಅಜ್ಜಿಯಿಂದ ಬಂದ ನನ್ನ ಏಳು ಹರಳಿನ ವಜ್ರದೋಲೆ ಎಣ್ಣೆಸ್ನಾನವಾದ ಮೇಲೆ ಹಲವು ದಿನ ಮಂಕಾಗಿರುತ್ತದೆ. ವಜ್ರ ಸವೆಯುತ್ತಿದೆಯೇ? ಅದೇ ಆಕಾರದ ಗಾಜಿನ ಹರಳು ಎಷ್ಟು ಉಜ್ಜಿದರೂ ವಜ್ರದಂತೆ ಹೊಳೆಯುವುದಿಲ್ಲವೇಕೆ?

ಉತ್ತರ: ಎಣ್ಣೆಯಿಂದ ವಜ್ರ ಸವೆಯುವುದಿಲ್ಲ. ಹರಳಿನ ಹಿಂಬದಿಗೆ ಹತ್ತಿಕೊಂಡ ಜಿಡ್ಡಿನ ಪದರದ ಮೂಲಕ ಬೆಳಕು ಸೋರಿಹೋಗುತ್ತಿದೆ, ಅಷ್ಟೆ.

ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಸಾಗುವ ಬೆಳಕು ವಜ್ರದೊಳಗೆ ಸುಮಾರು 1.24 ಲಕ್ಷ ಕಿ.ಮೀ. ಮಾತ್ರ ಸಾಗುತ್ತದೆ. ಈ ಎರಡು ವೇಗಗಳ ಅನುಪಾತವೇ ವಕ್ರೀಭವನ ಸೂಚ್ಯಂಕ. ಅದು ವಜ್ರಕ್ಕೆ 2.42, ಸಾಮಾನ್ಯ ಗಾಜಿಗೆ ಸುಮಾರು 1.5. ಸೂಚ್ಯಂಕ ಹೆಚ್ಚಿದಷ್ಟೂ ಬೆಳಕು ಹೆಚ್ಚು ಬಾಗುತ್ತದೆ, ಒಳಹೊಕ್ಕ ಬೆಳಕಿಗೆ ಹೊರಬರುವ ದಾರಿಯೂ ಕಿರಿದಾಗುತ್ತದೆ. ವಜ್ರದ ಒಳಮೈಗೆ ಎಳೆದ ಲಂಬರೇಖೆಯಿಂದ 24.4 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಂದ ಕಿರಣ ಹೊರಹೋಗಲಾರದೆ ಪೂರ್ತಿಯಾಗಿ ಒಳಕ್ಕೇ ಪ್ರತಿಫಲಿಸುತ್ತದೆ. ಈ ಮಿತಿಯ ಕೋನವೇ ಕ್ರಾಂತಿಕೋನ. ಗಾಜಿನಲ್ಲಿ ಇದು ಸುಮಾರು 42 ಡಿಗ್ರಿ.

ಸಾಣೆ ಹಿಡಿಯುವವರ ಜಾಣ್ಮೆಯೆಲ್ಲ ಈ ಅಂತರದಲ್ಲಿದೆ. 1919ರಲ್ಲಿ ವಜ್ರ ಸಾಣೆಗಾರರ ಮನೆತನದ ಎಂಜಿನಿಯರ್ ಮಾರ್ಸೆಲ್ ಟೋಲ್ಕೊವ್‌ಸ್ಕಿ ಲೆಕ್ಕಹಾಕಿ ಸೂಚಿಸಿದಂತೆ ದುಂಡು ವಜ್ರದ ಕೆಳಮುಖಗಳಿಗೆ 40.75 ಡಿಗ್ರಿ ಇಳಿಜಾರು ಕೊಟ್ಟರೆ, ಮೇಲಿನಿಂದ ನೇರವಾಗಿ ಇಳಿದ ಕಿರಣವು ಒಂದು ಮುಖಕ್ಕೆ ಅಷ್ಟೇ ಡಿಗ್ರಿ ಓರೆಯಾಗಿ ತಾಗಿ, ಎದುರಿನ ಮುಖಕ್ಕೆ ಚಿಮ್ಮಿ, ಮತ್ತೆ ನೋಡುವವರ ಕಣ್ಣಿನತ್ತಲೇ ಮರಳುತ್ತದೆ. ಗಾಜನ್ನು ಅದೇ ಇಳಿಜಾರಿಗೆ ಕತ್ತರಿಸಿದರೂ ಆ ಕೋನ 42 ಡಿಗ್ರಿಗೆ ಸ್ವಲ್ಪ ಕಡಿಮೆಯಾದ್ದರಿಂದ ಮೊದಲ ಮುಖದಲ್ಲೇ ಬೆಳಕಿನ ಒಂದು ಪಾಲು ಹಿಂಬದಿಯಿಂದ ಹೊರಬೀಳುತ್ತದೆ. ಉಜ್ಜಿ ಪ್ರಯೋಜನವಿಲ್ಲದಿರುವುದು ಅದಕ್ಕೇ.

ನಿಮ್ಮ ಓಲೆಯ ವಿಷಯಕ್ಕೆ ಬರೋಣ. ವಜ್ರ ನೀರಿಗೆ ಒಲಿಯದು, ಜಿಡ್ಡನ್ನು ಮಾತ್ರ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹಿಂಬದಿಯಲ್ಲಿ ಗಾಳಿಯಿದ್ದ ಜಾಗಕ್ಕೆ 1.47ರ ಆಸುಪಾಸಿನ ಸೂಚ್ಯಂಕವುಳ್ಳ ಎಣ್ಣೆ ಬಂದು ಕುಳಿತರೆ ಕ್ರಾಂತಿಕೋನ 24ರಿಂದ ಸುಮಾರು 37 ಡಿಗ್ರಿಗೆ ಏರುತ್ತದೆ. ಹಿಂದೆ ಮರಳುತ್ತಿದ್ದ ಎಷ್ಟೋ ಕಿರಣಗಳು ಈಗ ಎಣ್ಣೆಯೊಳಕ್ಕೆ ಇಳಿದುಬಿಡುತ್ತವೆ.

ಬಣ್ಣಬಣ್ಣದ ಕಿಡಿಗಳ ಕಾರಣ ಬೇರೆ: ವಜ್ರವು ನೇರಳೆ ಬೆಳಕನ್ನು ಕೆಂಪಿಗಿಂತ ಹೆಚ್ಚು ಬಾಗಿಸಿ ಬಣ್ಣಗಳನ್ನು ಬಿಡಿಸುತ್ತದೆ. ಅಮೆರಿಕನ್ ಡೈಮಂಡ್ ಎಂದು ಮಾರುವ ಕ್ಯೂಬಿಕ್ ಜಿರ್ಕೋನಿಯಾ ಈ ಕೆಲಸವನ್ನು ವಜ್ರಕ್ಕಿಂತಲೂ ಹೆಚ್ಚಾಗಿ ಮಾಡುವುದರಿಂದ, ಬಣ್ಣದ ಕಿಡಿಯನ್ನೇ ನಂಬಿ ಅಸಲಿತನ ನಿರ್ಧರಿಸಬೇಡಿ.

ಓಲೆಯ ಹಿಂಬದಿ ತೆರೆದಿದ್ದರೆ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ನೆನೆಸಿ, ಮೆತ್ತನೆಯ ಬ್ರಷ್‌ನಿಂದ ಹಿಂಬದಿಯನ್ನು ತಿಕ್ಕಿ. ಹಿಂಬದಿ ಮುಚ್ಚಿದ್ದರೆ ನೆನೆಸದೆ ಅಕ್ಕಸಾಲಿಗರಿಗೆ ಕೊಡಿ. ಪಚ್ಚೆಗೆ ಮಾತ್ರ ಈ ಉಪಚಾರ ಬೇಡ: ಅದರ ಬಿರುಕುಗಳು ಕಾಣದಿರಲೆಂದು ಪಚ್ಚೆಗೆ ಹತ್ತಿರದ ಸೂಚ್ಯಂಕದ ಎಣ್ಣೆಯನ್ನು ಬೇಕೆಂದೇ ತುಂಬಿರುತ್ತಾರೆ.