ಲಂಕಾವಿಯ ಹಳೇ ಕ್ಯಾಟಮರಾನ್: ದುಡ್ಡು ಕಳಿಸುವ ಮುಂಚೆ ಇಷ್ಟು ನೋಡಿ

ಅಣ್ಣ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ. ಅಡಿಕೆ ಸುಲಿಯೋರು ಬಂದಿದ್ದರು, ಬರೆಯೋಕೆ ಕೈ ಬಿಡುವಾಗಲಿಲ್ಲ. ಮೇಲಿನದು ಓದದೇ ಇದ್ದವರಿಗೆ ಚುಟುಕಾಗಿ ಹೇಳುತ್ತೇನೆ: ತೀರ್ಥಹಳ್ಳಿಯ ಅಣ್ಣ ಮಲೇಷ್ಯಾದ ಲಂಕಾವಿಯಲ್ಲಿ 2008ರ ಲಗೂನ್ 380 ಮಾಡೆಲಿನ ಕ್ಯಾಟಮರಾನ್ (ಎರಡು ಒಡಲಿನ ಹಾಯಿದೋಣಿ) ಒಂದನ್ನು ಫೋಟೋದಲ್ಲಿ ನೋಡಿ ಮೆಚ್ಚಿದ್ದಾರೆ. ಹೇಳುತ್ತಿರುವ ಬೆಲೆ ಒಂದೂವರೆ ಕೋಟಿ, ಅದು ಸರಿಯಾ ಅನ್ನೋದು ಅವರ ಪ್ರಶ್ನೆ. ತೋಟ ಮಗನಿಗೆ ಬಿಟ್ಟು, ಅತ್ತಿಗೆ ಜೊತೆ ವರ್ಷಕ್ಕೆ ಎಂಟು ತಿಂಗಳು ದೋಣಿಯಲ್ಲೇ ಇರುವ ಯೋಚನೆ. ಮುಂದೆ ಅದನ್ನು ಶರಾವತಿ ಹಿನ್ನೀರಿಗೆ ತಂದು ನಿಲ್ಲಿಸಬೇಕಂತೆ.

ನಾನು ಊರಿಗೆ ವಾಪಸ್ ಬರುವ ಮೊದಲು ಆರು ವರ್ಷ ಆ ಕಡೆಯೇ ಒಂದು ದೋಣಿ ರಿಪೇರಿ ಯಾರ್ಡಿನಲ್ಲಿದ್ದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ಹಿನ್ನೀರಿನ ಆಸೆ ಬಿಡಿ. ಆ ದೋಣಿಯ ಅಗಲ ಆರೂವರೆ ಮೀಟರ್, ಅಂದರೆ 21 ಅಡಿ. ರಸ್ತೆಯಲ್ಲಿ ತರೋಣ ಅಂದರೆ ಆಗುಂಬೆ ಘಾಟಿಯ 14 ತಿರುವಿನಲ್ಲಿ ಬಸ್ಸೇ ಉಸಿರು ಹಿಡಿದು ಹತ್ತುತ್ತದೆ. ಹೊನ್ನಾವರದಿಂದ ಹೊಳೆಯಲ್ಲೇ ತರೋಣ ಅಂದರೆ ಮೊದಲು ಗೇರುಸೊಪ್ಪೆ ಅಣೆಕಟ್ಟು, ಆಮೇಲೆ ಜೋಗ! ಹೇಗೋ ತಂದಿರಿ ಅಂತಲೇ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಲಿಂಗನಮಕ್ಕಿ ನೀರು ಇಳಿದಾಗ 1964ಕ್ಕೆ ಮುಂಚಿನ ಒಣ ಮರದ ಬುಡಗಳು ಹೇಗೆ ಎದ್ದು ನಿಲ್ಲುತ್ತವೆ ಅಂತ ನಿಮಗೇ ಗೊತ್ತು. ಸಿಗಂದೂರು ಲಾಂಚೇ ನೀರು ಕಮ್ಮಿಯಾದಾಗ ವಾಹನ ಹತ್ತಿಸುತ್ತಿರಲಿಲ್ಲ, ಅಲ್ವಾ?

ಇನ್ನು ಭಾರತಕ್ಕೆ ತರುವ ಮಾತು. ಕಸ್ಟಮ್ಸ್ ಸುಂಕವಲ್ಲದೆ ಜಿಎಸ್‌ಟಿ 40 ಪರ್ಸೆಂಟ್, 2025ರ ಸೆಪ್ಟೆಂಬರ್‌ನಿಂದ. ತಂದರೂ ನಮ್ಮ ಕರಾವಳಿಯಲ್ಲಿ ಕಟ್ಟೋಕೆ ಮೀನುಗಾರಿಕೆ ಬಂದರು ಬಿಟ್ಟರೆ ಸರಿಯಾದ ಜಾಗವಿಲ್ಲ, ಮರೀನಾ (ಇಂಥ ದೋಣಿ ಕಟ್ಟಿ ನಿಲ್ಲಿಸುವ ತಂಗುದಾಣ) ಬೇಕು ಅಂದರೆ ಕೊಚ್ಚಿಗೆ ಹೋಗಬೇಕು. ಲಂಕಾವಿ ಸುಂಕವಿಲ್ಲದ ದ್ವೀಪ. ದೋಣಿ ಅಲ್ಲೇ ಇರಲಿ, ನೀವು ಹೋಗಿ ಬಂದು ಮಾಡಿ. ಆದರೆ ದೋಣಿ ನಿಮ್ಮದಾದ ಮಾತ್ರಕ್ಕೆ ಎಂಟು ತಿಂಗಳು ಇರೋಕೆ ಬಿಡುವುದಿಲ್ಲ, ವೀಸಾ ದಿನಗಳ ಲೆಕ್ಕ ಬೇರೆ.

ದುಡ್ಡು ಕಳಿಸುವ ವಿಷಯ ಬೇಗ ಮುಗಿಸುತ್ತೇನೆ. ಒಬ್ಬರು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. 10 ಲಕ್ಷ ದಾಟಿದ ಮೊತ್ತಕ್ಕೆ ಬ್ಯಾಂಕಿನವರು 20 ಪರ್ಸೆಂಟ್ ಟಿಸಿಎಸ್ (ಮೊದಲೇ ಹಿಡಿದುಕೊಳ್ಳುವ ತೆರಿಗೆ) ಹಿಡಿಯುತ್ತಾರೆ. ಒಂದೂವರೆ ಕೋಟಿಗೆ 28 ಲಕ್ಷ. ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯವರೆಗೆ ಕೈಯಿಂದ ಹೋಗಿರುತ್ತದೆ. ಆಡಿಟರ್ ಹತ್ತಿರ ಮೊದಲೇ ಕೂತು ಮಾತಾಡಿ.

ಈಗ ದೋಣಿ. ರೇಟು ಸರಿಯಾ ಅಂತ ಕೇಳಿದಿರಿ. ಸರ್ವೆ, ಅಂದರೆ ಗೊತ್ತಿರೋರಿಂದ ದೋಣಿಯ ಪೂರ್ತಿ ತಪಾಸಣೆ, ಆಗುವವರೆಗೆ ಅದಕ್ಕೆ ರೇಟೇ ಇಲ್ಲ ಅಂದುಕೊಳ್ಳಿ. ಫೋಟೋದಲ್ಲಿರೋ ಹೊಸ ಕುಶನ್, ದೊಡ್ಡ ಟಿವಿ ನೋಡಿ ಮರುಳಾಗಬೇಡಿ. ನಾನೇ ಹಾಗೆ ಮೋಸ ಹೋದೆ. ನನ್ನ ಸ್ನೇಹಿತ ಒಬ್ಬ 40 ಅಡಿಯ ಕ್ಯಾಟ್ (ಕ್ಯಾಟಮರಾನ್‌ಗೆ ಚುಟುಕು ಹೆಸರು) ತಗೊಂಡಾಗ ಜೊತೆಗೆ ಹೋದವನು ನಾನು. ಬಿಸಿಲುಗಾಲ, ಎಲ್ಲ ಪಳಪಳ. ಎಂಜಿನ್ ಶಬ್ದ ಕೇಳಿ ‘ಚೆನ್ನಾಗಿದೆ, ತಗೋ’ ಅಂದುಬಿಟ್ಟೆ. ಮೊದಲ ಮಳೆಯ ರಾತ್ರಿ ಮುಂದಿನ ಕೋಣೆಯಲ್ಲಿ ಮಲಗಿದ್ದೆ. ಹಣೆ ಮೇಲೆ ಒಂದು ಹನಿ. ಒರೆಸಿಕೊಂಡೆ, ಇನ್ನೊಂದು ಹನಿ. ಬೆಳಗ್ಗೆ ಮೇಲಿನ ಹೊದಿಕೆ ಬಿಚ್ಚಿದರೆ, ರೇಲಿಂಗ್ ಕಂಬದ ಬೋಲ್ಟಿನ ಸುತ್ತ ಕಂದು ಕಲೆ. ಒಳಗಿನ ಪದರ ಕತ್ತರಿಸಿ ಬೆರಳು ಹಾಕಿದೆ. ಮರ ನೆನೆದ ಅವಲಕ್ಕಿ ಹಾಗೆ ಕೈಗೆ ಬಂತು.

ಆದದ್ದು ಇಷ್ಟು. ಈ ದೋಣಿಗಳ ಡೆಕ್ಕು, ಅಂದರೆ ನಾವು ಓಡಾಡುವ ಮೇಲಿನ ಹಾಸು, ಪೂರ್ತಿ ಫೈಬರ್ ಅಲ್ಲ. ಮೇಲೊಂದು ಕೆಳಗೊಂದು ಫೈಬರ್ ಪದರ, ನಡುವೆ ಬಾಲ್ಸಾ ಅನ್ನೋ ಹಗುರ ಮರ. ಒಂದು ಬೋಲ್ಟಿನ ಸೀಲು ಹೋದರೂ ಸಾಕು, ವರ್ಷಗಟ್ಟಲೆ ನೀರು ಇಳಿದು ಮರ ಕೊಳೆಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಒರಲೆ ಹಿಡಿದ ಹಳೇ ಮನೆಯ ತೊಲೆ ತಟ್ಟಿ ನೋಡುತ್ತೇವಲ್ಲ, ಹಾಗೇ ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಗೇಣಿಗೊಂದು ಸಲ ತಟ್ಟಬೇಕು. ಗಟ್ಟಿ ಇದ್ದರೆ ಟಕ್ ಟಕ್ ಅನ್ನುತ್ತದೆ. ಬೊದ್ ಅಂತ ಸತ್ತ ಶಬ್ದ ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ತೇವದ ಮೀಟರ್ ಹಿಡಿಸಿ. ರೇಲಿಂಗ್ ಕಂಬ, ವಿಂಚು (ಹಗ್ಗ ಎಳೆಯುವ ರಾಟೆ), ಕಿಟಕಿ ಅಂಚು, ಹಾಯಿಕಂಬದ ಬುಡ, ಈ ಜಾಗಗಳನ್ನಂತೂ ಬಿಡಬೇಡಿ. ರೇಲಿಂಗ್ ಹತ್ತಿರ ಅಂಗೈಯಗಲ ಕೊಳೆತಿದ್ದರೆ ಬೆಲೆ ಇಳಿಸಿ ತಗೊಳ್ಳಬಹುದು. ಹಾಯಿಕಂಬದ ಬುಡದಲ್ಲೇ ಮೆತ್ತಗಿದ್ದರೆ ಎಷ್ಟಕ್ಕೆ ಕೊಟ್ಟರೂ ಬೇಡ.

ಇನ್ನೊಂದು ಸುಲಭದ ಪರೀಕ್ಷೆ: ಒಳಗಿನ ಎಲ್ಲ ಬಾಗಿಲನ್ನೂ ತೆಗೆದು ಮುಚ್ಚಿ ನೋಡಿ. ಹಾಯಿ ಬಿಚ್ಚಿ ಓಡುವಾಗ ಮತ್ತೊಮ್ಮೆ ನೋಡಿ. ದಡದಲ್ಲಿ ಸಲೀಸಾಗಿದ್ದ ಬಾಗಿಲು ಅಲ್ಲಿ ಸಿಕ್ಕಿಕೊಂಡರೆ ಅಡ್ಡಗೋಡೆ ಅಲುಗಾಡುತ್ತಿದೆ ಅಂತ ಅನುಮಾನಿಸಿ.

ಹಾಯಿಕಂಬ ಹಿಡಿದಿರೋ ಸ್ಟೀಲ್ ತಂತಿ ಯಾವ ವರ್ಷದ್ದು ಅಂತ ಬಿಲ್ ಸಮೇತ ಕೇಳಿ. ಒಂದೇ ಒಡಲಿನ ದೋಣಿ ಜೋರು ಗಾಳಿಗೆ ವಾಲಿ ಭಾರ ಇಳಿಸಿಕೊಳ್ಳುತ್ತದೆ. ಕ್ಯಾಟ್ ವಾಲುವುದಿಲ್ಲ, ಆ ಎಳೆತವೆಲ್ಲ ತಂತಿಗೇ ಬೀಳುತ್ತದೆ. ಹತ್ತು ವರ್ಷ ದಾಟಿದ ತಂತಿ ಇದ್ದರೆ ಹಲವು ವಿಮೆಯವರು ಬದಲಿಸಿ ಬನ್ನಿ ಅನ್ನುತ್ತಾರೆ. ಆ ಖರ್ಚು ಬೆಲೆಯಲ್ಲಿ ಕಳೆಯಿರಿ.

ಎಂಜಿನ್ ಎರಡು, ಸೇಲ್‌ಡ್ರೈವ್ ಎರಡು, ಖರ್ಚೂ ಎರಡು. ಸೇಲ್‌ಡ್ರೈವ್ ಅಂದರೆ ಎಂಜಿನ್ನಿಂದ ತಳದ ಮೂಲಕ ನೀರಿಗಿಳಿದು ಪಂಕ ತಿರುಗಿಸುವ ಭಾಗ. ಅದು ಇಳಿಯುವ ಜಾಗದಲ್ಲಿ ಸಮುದ್ರದ ನೀರನ್ನು ತಡೆಯೋದು ಒಂದು ರಬ್ಬರ್ ಪೊರೆ. ವೋಲ್ವೊದಾದರೆ 7 ವರ್ಷಕ್ಕೊಮ್ಮೆ ಬದಲಿಸಿ ಅನ್ನುತ್ತಾರೆ. ಆಯಿಲ್ ಕಡ್ಡಿ ಎಳೆದು ನೋಡಿ. ಹಾಲು ಬೆರೆಸಿದ ಕಾಫಿ ಬಣ್ಣ ಇದ್ದರೆ ನೀರು ಸೇರಿದೆ.

ಸರ್ವೆಯರ್ ನಿಮ್ಮ ಕಡೆಯವನಿರಲಿ, ಬ್ರೋಕರ್ ತೋರಿಸಿದವನು ಬೇಡ. ಅಡ್ವಾನ್ಸ್ ಸಾಮಾನ್ಯವಾಗಿ 10 ಪರ್ಸೆಂಟ್. ಸರ್ವೆ, ಸಮುದ್ರದಲ್ಲಿ ಓಡಿಸಿ ನೋಡೋದು, ಎರಡರಲ್ಲಿ ಯಾವುದು ಒಪ್ಪಿಗೆಯಾಗದಿದ್ದರೂ ಅಡ್ವಾನ್ಸ್ ವಾಪಸ್ ಅಂತ ಬರವಣಿಗೆಯಲ್ಲಿರಲಿ. ತಳ ನೋಡೋಕೆ ದೋಣಿಯನ್ನು ನೀರಿಂದ ಎತ್ತಿಸುವ ಖರ್ಚು ಕೊಳ್ಳುವವರದ್ದೇ, ಅಲ್ಲಿ ಜಿಪುಣತನ ಬೇಡ. ಸಾಲ ಬಾಕಿ ಇಲ್ಲ ಅನ್ನೋ ಕಾಗದ, ಹಳೇ ನೋಂದಣಿ ರದ್ದಾದ ಕಾಗದ ಕೈಗೆ ಬರದೆ ಪೂರ್ತಿ ದುಡ್ಡು ಕೊಡಬೇಡಿ.

ಅಲ್ಲೇ ವಾಸ ಮಾಡೋ ಬಗ್ಗೆ ಒಂದೆರಡು ಮಾತು. ಕ್ಯಾಟ್ ಒಳಗೆ ಜಾಗ ಜಾಸ್ತಿ, ಅದೇ ತೊಂದರೆ. ಜಾಗ ಇದೆ ಅಂತ ತುಂಬಿದರೆ ಒಡಲು ಮುಳುಗಿ, ಎರಡು ಒಡಲಿನ ನಡುವಿನ ತಳಕ್ಕೆ ಅಲೆ ಬಂದು ಧಡ್ ಧಡ್ ಹೊಡೆಯುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ. ಅತ್ತಿಗೆಗೆ ಹೇಳಿ, ರುಬ್ಬುವ ಕಲ್ಲು ಊರಲ್ಲೇ ಇರಲಿ! ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ತಳಕ್ಕೆ ಇಳಿದು ಕೂರುತ್ತದೆ. ಸಿಲಿಂಡರ್ ಪೆಟ್ಟಿಗೆಯ ತೂತು ಹೊರಗೆ ಬಿಟ್ಟಿದೆಯಾ ನೋಡಿ. ಸಮುದ್ರದ ನೀರನ್ನು ಸಿಹಿನೀರು ಮಾಡುವ ಯಂತ್ರ ಇದೆ ಅಂದರೆ ಎದುರಿಗೇ ಓಡಿಸಿ ಒಂದು ಲೋಟ ಕುಡಿಸಲಿ. ಸುಮ್ನೆ ಬಿಟ್ಟ ಯಂತ್ರದ ಪೊರೆ ಬಹುತೇಕ ಹಾಳಾಗಿರುತ್ತದೆ. ಮರೀನಾದವರು ಅಗಲ ನೋಡಿ ಬಾಡಿಗೆ ಹಾಕುತ್ತಾರೆ, ಎಷ್ಟೋ ಕಡೆ ಒಂದೇ ಒಡಲಿನ ದೋಣಿಯ ಒಂದೂವರೆ ಪಟ್ಟು. ವರ್ಷದ ಖರ್ಚಿಗೆ ಕೊಂಡ ಬೆಲೆಯ ಹತ್ತನೇ ಒಂದು ಪಾಲು ಇಟ್ಟುಕೊಳ್ಳಿ, ಅಂದರೆ 15 ಲಕ್ಷ. ಹಳೇ ದೋಣಿಗೆ ಮೊದಲ ವರ್ಷ ಅದಕ್ಕಿಂತ ಜಾಸ್ತಿಯೇ ಆಗುತ್ತದೆ.

ನನ್ನ ಸಲಹೆ ಕೇಳಿದರೆ, ಈ ವರ್ಷ ಕೊಳ್ಳಲೇಬೇಡಿ. ನಾವಿಕನ ಸಮೇತ ಒಂದು ಕ್ಯಾಟ್ ಹತ್ತು ದಿನ ಬಾಡಿಗೆಗೆ ಹಿಡಿದು ಇಬ್ಬರೂ ಇದ್ದು ಬನ್ನಿ. ಲಂಗರು ಹಾಕಿದಲ್ಲೇ ಅಡುಗೆ ಮಾಡಿ, ಬಟ್ಟೆ ಒಗೆಯಿರಿ, ಕಕ್ಕಸು ಕಟ್ಟಿಕೊಂಡರೆ ನೀವೇ ಬಿಚ್ಚಿ. ಹತ್ತನೇ ದಿನ ಅತ್ತಿಗೆ ಏನು ಹೇಳುತ್ತಾರೋ ಅದರ ಮೇಲೆ ನಿರ್ಧಾರ ಮಾಡಿ.

ಆಮೇಲೂ ಮನಸ್ಸಿದ್ದರೆ ಈ ದೋಣಿ ನೋಡೋಕೆ ಜನವರಿಯಲ್ಲಿ ಹೋಗಬೇಡಿ, ಆಗ ಅಲ್ಲಿ ಒಣಹವೆ. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಹೋಗಿ, ಹೆಂಚಿನ ಮನೆಯನ್ನು ಆಷಾಢದಲ್ಲಿ ನೋಡಿದ ಹಾಗೆ. ಸರ್ವೆ ರಿಪೋರ್ಟ್ ಬಂದರೆ ತೇವದ ಅಂಕಿ ಇರೋ ಪುಟದ ಫೋಟೋ ಇಲ್ಲಿ ಹಾಕಿ. ಸಂಜೆ ಏಳರ ಮೇಲೆ ನಾನು ನೋಡುತ್ತೇನೆ, ಹಗಲು ತೋಟದಲ್ಲಿ ನೆಟ್‌ವರ್ಕ್ ಸಿಗಲ್ಲ.