ಹೊಸ ಮೀನು ಬಿಡುವ ಮುಂಚೆ ಕವರ್ ತೇಲಿಸಿದರೆ ಸಾಕೇ?

ಮೀನು ತಂದ ಕವರನ್ನು ಅರ್ಧ ಗಂಟೆ ಟ್ಯಾಂಕಿನಲ್ಲಿ ತೇಲಿಬಿಟ್ಟೇ ಮೀನು ಬಿಟ್ಟಿದ್ದೀರಿ. ಗಪ್ಪಿಗಳು ಆರಾಮಾಗಿವೆ, ನಿಯಾನ್ ಟೆಟ್ರಾಗಳು ಮಾತ್ರ ಎರಡನೇ ದಿನದಿಂದ ಒಂದೊಂದೇ ಸಾಯುತ್ತಿವೆ, ಟ್ಯಾಂಕಿಗೆ ಹಾಕಿದ್ದು ಬೋರ್‌ವೆಲ್ ನೀರು ಎಂದಿದ್ದೀರಿ. ನನ್ನ ಅನುಮಾನ ಆ ಬೋರ್ ನೀರಿನ ಮೇಲೆಯೇ. ತೇಲಿಸಿದರೆ ನೀರಿನ ಬಿಸಿಯೊಂದು ಸಮವಾಗುತ್ತದೆ. ನೀರಿನಲ್ಲಿ ಕರಗಿರುವ ಲವಣದ ವ್ಯತ್ಯಾಸ ಹಾಗೆಯೇ ಉಳಿಯುತ್ತದೆ.

ಮೊದಲು ಒಂದು ಟಿಡಿಎಸ್ ಮೀಟರ್ ತಗೊಳ್ಳಿ, ಕರಗಿರುವ ಲವಣ ಎಷ್ಟಿದೆ ಅಂತ ಪಿಪಿಎಂ ಲೆಕ್ಕದಲ್ಲಿ ತೋರಿಸುತ್ತದೆ. ಆರ್‌ಒ ರಿಪೇರಿಗೆ ಬರುವವರ ಜೇಬಿನಲ್ಲಿ ಪೆನ್ನಿನ ಹಾಗೆ ಇರುತ್ತದಲ್ಲ, ಅದೇ. ಕವರಿನ ನೀರು, ಟ್ಯಾಂಕಿನ ನೀರು ಎರಡನ್ನೂ ಅಳೆಯಿರಿ. ಬೋರ್ ನೀರು 800, 1000 ತೋರಿಸಿದರೆ ಆಶ್ಚರ್ಯವಿಲ್ಲ. ಟೆಟ್ರಾ ಮಾರುವವರು ಆರ್‌ಒ ಬೆರೆಸಿ 200ರ ಆಸುಪಾಸಿನಲ್ಲಿ ಇಟ್ಟಿರಬಹುದು.

ಇದು ಯಾಕೆ ಮುಖ್ಯ ಅಂದರೆ, ಸಿಹಿನೀರಿನ ಮೀನಿನ ಮೈಯಲ್ಲಿ ಹೊರಗಿನ ನೀರಿಗಿಂತ ಉಪ್ಪಿನಂಶ ಹೆಚ್ಚು. ಹಾಗಾಗಿ ನೀರು ಸದಾ ಒಳಗೆ ಇಳಿಯುತ್ತಿರುತ್ತದೆ, ಮೂತ್ರಪಿಂಡ ಅದನ್ನು ಹೊರಗೆ ಹಾಕುತ್ತಿರುತ್ತದೆ, ಕಳೆದುಹೋದ ಲವಣವನ್ನು ಕಿವಿರು ಮತ್ತೆ ಎಳೆದುಕೊಳ್ಳುತ್ತದೆ. ಈ ವ್ಯವಸ್ಥೆ ಅದು ಬದುಕಿದ್ದ ನೀರಿಗೆ ಹೊಂದಿಕೊಂಡಿರುತ್ತದೆ, ಒಂದೇ ಸಲಕ್ಕೆ ನೀರು ಬದಲಾದರೆ ಹಿಡಿತ ತಪ್ಪುತ್ತದೆ. ಮೀನು ತಕ್ಷಣ ಸಾಯುವುದಿಲ್ಲ. ಮೊದಲ ದಿನ ಚೆನ್ನಾಗಿ ಈಜಿ, ಎರಡು ಮೂರು ದಿನ ಬಿಟ್ಟು ಸಾಯುತ್ತದೆ. ಅಷ್ಟರಲ್ಲಿ ರೋಗ ಬಂದಿದೆ ಅಂತ ಯಾರೋ ನೀಲಿ ಔಷಧಿ ಕೊಟ್ಟಿರುತ್ತಾರೆ. ಗಪ್ಪಿ, ಮಾಲಿ ಮೀನುಗಳಿಗೆ ಗಡಸು ನೀರೇ ಹಿತ. ನಿಯಾನ್ ಮೂಲತಃ ಅಮೆಜಾನ್ ಕಡೆಯ ಮೆದು ನೀರಿನ ಮೀನು.

ವ್ಯತ್ಯಾಸ 100ರ ಒಳಗಿದ್ದರೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಟ್ಯಾಂಕಿನ ಲೈಟ್ ಆರಿಸಿ, ಕಟ್ಟಿದ ಕವರನ್ನು 15-20 ನಿಮಿಷ ತೇಲಿಸಿ. ಆಮೇಲೆ ಬಾಯಿ ಬಿಚ್ಚಿ, ಅಂಚನ್ನು ಹೊರಕ್ಕೆ ಎರಡು ಸುತ್ತು ಮಡಚಿದರೆ ಕವರ್ ತಾನೇ ನೆಟ್ಟಗೆ ತೇಲುತ್ತದೆ. ಐದೈದು ನಿಮಿಷಕ್ಕೆ ಅರ್ಧ ಲೋಟ ಟ್ಯಾಂಕ್ ನೀರು ಹಾಕುತ್ತಾ ಹೋಗಿ, ಒಟ್ಟು ನೀರು ಎರಡರಷ್ಟಾದಾಗ ಮೀನನ್ನು ಬಲೆಯಲ್ಲಿ ಎತ್ತಿ ಬಿಡಿ. ಕವರಿನ ನೀರು ಸಿಂಕಿಗೆ, ಟ್ಯಾಂಕಿಗಲ್ಲ. ಕೋರಿಡೋರಸ್ ತರಹದ ಮೀನನ್ನು ಬಲೆಯಲ್ಲಿ ಹಿಡಿಯಬೇಡಿ, ರೆಕ್ಕೆಯ ಮುಳ್ಳು ನೂಲಿಗೆ ಸಿಕ್ಕಿಕೊಂಡು ಬಿಡಿಸುವಷ್ಟರಲ್ಲಿ ಹರಿದುಹೋಗುತ್ತದೆ. ಪ್ಲಾಸ್ಟಿಕ್ ಲೋಟ ಒಳ್ಳೆಯದು.

100ರಿಂದ 300ರವರೆಗಿನ ವ್ಯತ್ಯಾಸಕ್ಕೆ ಹನಿ ವಿಧಾನ. ಮೀನನ್ನು ಕವರಿನ ನೀರಿನ ಸಮೇತ ಸಣ್ಣ ಬಕೆಟ್ಟಿಗೆ ಹಾಕಿ ಟ್ಯಾಂಕಿಗಿಂತ ಕೆಳಗೆ ಇಡಿ. ಏರ್ ಪೈಪಿನ ಒಂದು ತುದಿ ಟ್ಯಾಂಕಿನಲ್ಲಿ, ಇನ್ನೊಂದು ತುದಿಯನ್ನು ಬಾಯಿಂದ ಎಳೆದು ನೀರು ಹರಿಸಿ, ಪೈಪಿಗೆ ಸಡಿಲ ಗಂಟು ಹಾಕಿ ವೇಗ ಇಳಿಸಿ. ಸುಮಾರು 20 ಹನಿಗೆ 1 ಮಿಲಿ. ಸೆಕೆಂಡಿಗೆ 3 ಹನಿ ಬಿದ್ದರೆ ಗಂಟೆಗೆ 540 ಮಿಲಿ, ಅಂದರೆ ಅರ್ಧ ಲೀಟರ್ ಕವರ್ ನೀರು ಗಂಟೆಯಲ್ಲಿ ಒಂದು ಲೀಟರ್ ದಾಟುತ್ತದೆ. ಅರ್ಧ ಚೆಲ್ಲಿ ಇನ್ನೊಂದು ಗಂಟೆ ಮುಂದುವರಿಸಿ. ಬಕೆಟ್ಟಿಗೆ ಮುಚ್ಚಳ ಇರಲಿ, ಹೆದರಿದ ಮೀನು ಹಾರುತ್ತದೆ.

ಅದಕ್ಕೂ ಮೀರಿದ ವ್ಯತ್ಯಾಸಕ್ಕೆ ಹನಿ ವಿಧಾನ ನೆಚ್ಚಿಕೊಳ್ಳಬೇಡಿ. ಎರಡು ಗಂಟೆಯಲ್ಲಿ ಮೀನಿನ ಮೈ ಪೂರ್ತಿ ಒಗ್ಗುವುದಿಲ್ಲ, ಅದಕ್ಕೆ ದಿನಗಳೇ ಬೇಕು. ಮೀನನ್ನು ನೀರಿಗೆ ಒಗ್ಗಿಸುವ ಬದಲು ನೀರನ್ನೇ ಮೀನಿಗೆ ಹೊಂದಿಸಿ. ತರುವ ಮುಂಚೆ ಅಂಗಡಿಯ ಟಿಡಿಎಸ್ ಕೇಳಿಕೊಳ್ಳಿ. 300 ಅಂದರು ಅಂತಿಟ್ಟುಕೊಳ್ಳಿ, ನಿಮ್ಮ ಬೋರ್ 800, ಮನೆಯ ಆರ್‌ಒ 40. 7 ಲೀಟರ್ ಬೋರ್ ನೀರಿಗೆ 13 ಲೀಟರ್ ಆರ್‌ಒ ಬೆರೆಸಿದರೆ 20 ಲೀಟರ್, ಸುಮಾರು 306. ಇದನ್ನು ಒಂದು ಟಬ್ಬಿಗೆ ತುಂಬಿ, ಹಳೆಯ ಟ್ಯಾಂಕಿನಲ್ಲಿ ಓಡಿ ಪಳಗಿದ ಸ್ಪಾಂಜ್ ಫಿಲ್ಟರ್ ಹಾಕಿ, ಅಡಗಲು ಒಂದು ತುಂಡು ಪಿವಿಸಿ ಪೈಪ್ ಇಡಿ. ಎರಡು ಮೂರು ದಿನಕ್ಕೊಮ್ಮೆ ಎರಡು ಲೀಟರ್ ತೆಗೆದು ಟ್ಯಾಂಕಿನ ನೀರು ಸೇರಿಸುತ್ತಾ ಬನ್ನಿ. ಮೂರು ವಾರ ಅಲ್ಲೇ ಇದ್ದರೆ ಇನ್ನೊಂದು ಲಾಭ: ಮೈಮೇಲೆ ರವೆ ಕಾಳಿನ ಹಾಗೆ ಬಿಳಿ ಚುಕ್ಕೆ ಎದ್ದರೆ ಟಬ್ಬಿನಲ್ಲೇ ಗೊತ್ತಾಗುತ್ತದೆ, ಟ್ಯಾಂಕಿಗೆ ಹರಡುವುದಿಲ್ಲ. ಪಿಎಚ್ ಇಳಿಸುವ ಹನಿ ಮಾತ್ರ ತರಬೇಡಿ. ಗಡಸು ನೀರಿನಲ್ಲಿ ಪಿಎಚ್ ಸ್ವಲ್ಪ ಇಳಿದು ಮತ್ತೆ ಏರುತ್ತದೆ, ಆ ಏರಿಳಿತ ಇನ್ನೂ ಕೆಟ್ಟದ್ದು.

ಕೊರಿಯರಿನಲ್ಲಿ ತರಿಸಿದ ಮೀನಿಗೆ ಲೆಕ್ಕವೇ ಉಲ್ಟಾ. ಇಡೀ ದಿನ ಮುಚ್ಚಿದ ಕವರಿನಲ್ಲಿ ಮೀನು ಹೊರಹಾಕಿದ ಅಮೋನಿಯಾ ಸೇರಿರುತ್ತದೆ. ಮೀನು ಬಿಟ್ಟ ಉಸಿರಿನ ಕಾರ್ಬನ್ ಡೈಆಕ್ಸೈಡ್ ನೀರಿನ ಪಿಎಚ್ ಇಳಿಸಿರುವುದರಿಂದ ಆ ಅಮೋನಿಯಾದ ಬಹುಪಾಲು ಅಷ್ಟೇನೂ ವಿಷವಲ್ಲದ ಅಮೋನಿಯಂ ರೂಪದಲ್ಲಿರುತ್ತದೆ. ಕವರ್ ಬಿಚ್ಚಿದ ಕೂಡಲೇ ಆ ಅನಿಲ ಹಾರಿ, ಪಿಎಚ್ ಏರಿ, ಅದು ವಿಷದ ರೂಪಕ್ಕೆ ತಿರುಗತೊಡಗುತ್ತದೆ. ಒಳ್ಳೆಯದಾಗಲಿ ಅಂತ ಕವರಿಗೆ ಗುಳ್ಳೆ ಬಿಡುವ ಏರ್ ಸ್ಟೋನ್ ಹಾಕಿದರೆ ಇನ್ನೂ ಬೇಗ. ಆದ್ದರಿಂದ ಬಿಸಿ ಸಮವಾಗುವವರೆಗೆ ಕಟ್ಟಿದ ಹಾಗೆಯೇ ತೇಲಿಸಿ, ಬಿಚ್ಚಿದ ತಕ್ಷಣ ಮೀನನ್ನು ಎತ್ತಿ ಮೊದಲೇ ಹೊಂದಿಸಿಟ್ಟ ಟಬ್ಬಿಗೆ ಬಿಡಿ. ಹನಿ ವಿಧಾನ ಇಲ್ಲಿ ಬೇಡವೇ ಬೇಡ.

ಮೊದಲ ದಿನ ಊಟ ಬೇಡ. ನಿಯಾನ್ ಬಣ್ಣ ಮಂಕಾಗಿ ಕಂಡರೆ ಗಾಬರಿ ಬೇಡ, ಕೆಲವು ಗಂಟೆಯಲ್ಲಿ ಮರಳುತ್ತದೆ. ಎಲ್ಲ ಮೀನೂ ಮೇಲಕ್ಕೆ ಬಂದು ಬಾಯಿ ಬಡಿಯುತ್ತಿದ್ದರೆ ಮಾತ್ರ ಅಮೋನಿಯಾ, ಅದರಿಂದಲೇ ಹುಟ್ಟುವ ಇನ್ನೊಂದು ವಿಷವಾದ ನೈಟ್ರೈಟ್ ಎರಡನ್ನೂ ಪರೀಕ್ಷಿಸಿ. ಕಾವೇರಿ ನೀರು ಬಳಸುವವರು ಕ್ಲೋರಿನ್ ತೆಗೆಯುವ ಹನಿ ಮರೆಯಬಾರದು.

ಈಗ ಉಳಿದಿರುವ ಟೆಟ್ರಾಗಳ ವಿಷಯ. ಗಪ್ಪಿ ಚೆನ್ನಾಗಿದೆ ಎಂಬ ಕಾರಣಕ್ಕೆ ಟ್ಯಾಂಕ್ ಸರಿಯಿದೆ ಎಂದುಕೊಳ್ಳಬೇಡಿ, ಅದು ಗಟ್ಟಿ ಜೀವ. ಇವತ್ತೇ ಅಮೋನಿಯಾ, ನೈಟ್ರೈಟ್ ನೋಡಿ. ಯಾವುದಾದರೂ ಸೊನ್ನೆಗಿಂತ ಮೇಲಿದ್ದರೆ ಅದೇ ಬೋರ್ ನೀರಿನಲ್ಲಿ 30% ಬದಲಿಸಿ, ಊಟ ಕಡಿಮೆ ಮಾಡಿ. ಎರಡೂ ಸೊನ್ನೆ ಇದ್ದರೆ ಮೂರು ದಿನಕ್ಕೊಮ್ಮೆ 10% ನೀರು ತೆಗೆದು ಅಷ್ಟೇ ಆರ್‌ಒ ನೀರು ಹಾಕುತ್ತಾ ಟಿಡಿಎಸ್ ಇಳಿಸಿ. ಗಪ್ಪಿಗಳೂ ಅಲ್ಲೇ ಇರುವುದರಿಂದ 350-400ಕ್ಕೆ ನಿಲ್ಲಿಸಿದರೆ ಎರಡಕ್ಕೂ ನಡೆಯುತ್ತದೆ. ಸಾವು ನಿಂತು ಎರಡು ವಾರ ಕಳೆಯುವವರೆಗೆ ಹೊಸ ಮೀನು ತರಬೇಡಿ.