ಸ್ಟೆಂಟ್ ಹಾಕಿದ ಮೇಲೆ ರಕ್ತದ ಹರಿವಿನಲ್ಲಿ ಲೆಕ್ಕ ಹಾಕೋದೇನಿದೆ?

ಪ್ರಶ್ನೆ: ಸರ್, ನಮ್ಮ ಅಪ್ಪಂಗೆ ಹೋದ ವರ್ಷ ಸ್ಟೆಂಟ್ ಹಾಕಿದ್ರು. ನಮ್ಮ ಅಕ್ಕನ ಮಗಳು ಎಂಟೆಕ್ ಪ್ರಾಜೆಕ್ಟ್‌ಗೆ ಸ್ಟೆಂಟ್ ಒಳಗೆ ರಕ್ತ ಹೇಗೆ ಹರಿಯತ್ತೆ ಅಂತ ಕಂಪ್ಯೂಟರ್‌ನಲ್ಲಿ ಮಾಡೆಲ್ ಮಾಡ್ತಿದಾಳೆ. ಬ್ಲಾಕ್ ಓಪನ್ ಆದ್ಮೇಲೆ ರಕ್ತ ಸಲೀಸಾಗಿ ಹೋಗತ್ತಲ್ವಾ, ಇದ್ರಲ್ಲಿ ಲೆಕ್ಕ ಹಾಕೋದೇನಿದೆ? (ದಾವಣಗೆರೆ ಓದುಗರು)

ಉತ್ತರ: ಸ್ಟೆಂಟ್ ಅಂದ್ರೆ ಕಿರಿದಾದ ರಕ್ತನಾಳವನ್ನ ತೆರೆದಿಡೋ ಸಣ್ಣ ತಂತಿ ಬಲೆಯ ಕೊಳವೆ. ನಾಳದ ಮಧ್ಯದಲ್ಲಿ ರಕ್ತ ಸಲೀಸಾಗೇ ಹೋಗತ್ತೆ, ಸಮಸ್ಯೆ ಇರೋದು ಗೋಡೆ ಹತ್ರ. ಹೃದಯದ ರಕ್ತನಾಳ ಸುಮಾರು 3 ಮಿಲಿಮೀಟರ್ ಅಗಲ ಇರತ್ತೆ. 2003ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ ಸೈಫರ್ ಅನ್ನೋ ಔಷಧಿ ಲೇಪದ ಸ್ಟೆಂಟ್‌ನ ತಂತಿ 140 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ) ದಪ್ಪ ಇತ್ತು, ಆಮೇಲೆ ಬಂದ ಕ್ಸೈಯೆನ್ಸ್‌ದು 81. ಕಣ್ಣಿಗೆ ಏನೂ ಅಲ್ಲ ಅನ್ಸತ್ತೆ, ಆದ್ರೆ ಗೋಡೆಗೆ ಅಂಟಿಕೊಂಡು ಹರಿಯೋ ರಕ್ತಕ್ಕೆ ಅದೇ ದೊಡ್ಡ ಅಡ್ಡಿ. ಕಾಲುವೇಲಿ ಕಲ್ಲು ಬಿದ್ದಿದ್ರೆ ಅದರ ಹಿಂದೆ ನೀರು ಸುತ್ತಿ ಸುತ್ತಿ ಹೂಳು ಕೂರಲ್ವಾ, ಹಾಗೇ ತಂತಿಯ ಹಿಂದೆ ಸಣ್ಣ ಸುಳಿ ಆಗಿ ರಕ್ತ ಅಲ್ಲೇ ನಿಧಾನ ಆಗತ್ತೆ, ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ ಕಣಗಳು ಅಲ್ಲಿ ಜಾಸ್ತಿ ಹೊತ್ತು ಉಳೀತವೆ.

ನಾಳದ ಒಳಪದರದ ಕೋಶಗಳು ರಕ್ತ ತಮ್ಮನ್ನ ಎಷ್ಟು ಜೋರಾಗಿ ಉಜ್ಜಿಕೊಂಡು ಹೋಗ್ತಿದೆ ಅನ್ನೋದನ್ನ ಗ್ರಹಿಸ್ತವೆ. ಆರೋಗ್ಯದ ನಾಳದಲ್ಲಿ ಈ ಉಜ್ಜುವಿಕೆ ಸುಮಾರು 1 ರಿಂದ 2 ಪ್ಯಾಸ್ಕಲ್ (ಒತ್ತಡ ಅಳೆಯೋ ಮಾನ). 0.4ಕ್ಕಿಂತ ಕಡಿಮೆ ಇರೋ ಕಡೆ, ಅಥವಾ ಪ್ರತಿ ಬಡಿತಕ್ಕೂ ದಿಕ್ಕು ಬದಲಾಗೋ ಕಡೆ, ಕೊಬ್ಬು ಕೂರೋದು, ಒಳಪದರ ದಪ್ಪ ಆಗಿ ನಾಳ ಮತ್ತೆ ಕಿರಿದಾಗೋದು ಜಾಸ್ತಿ. ಇದನ್ನ ಬದುಕಿರೋ ಮನುಷ್ಯನ ಹೃದಯದಲ್ಲಿ ತಂತಿ ತಂತಿಗೂ ಅಳೆಯೋಕೆ ಆಗಲ್ಲ. ಅದಕ್ಕೇ ಕಂಪ್ಯೂಟರ್. ಆಂಜಿಯೋಗ್ರಾಮ್ ಮತ್ತು ನಾಳದ ಒಳಗಿಂದ ತೆಗೆದ ಚಿತ್ರಗಳಿಂದ ಆಕಾರ ಕಟ್ಟಿ, ಅದನ್ನ ಲಕ್ಷಾಂತರ ಪುಟ್ಟ ತುಣುಕು ಮಾಡಿ, ಒಂದೊಂದರಲ್ಲೂ ಹರಿವನ್ನ ಲೆಕ್ಕ ಹಾಕೋ ನೇವಿಯರ್-ಸ್ಟೋಕ್ಸ್ ಸಮೀಕರಣ ಬಿಡಿಸ್ತಾರೆ. ಇವು 19ನೇ ಶತಮಾನದ ಸಮೀಕರಣಗಳು, ನದಿಗೂ ವಿಮಾನಕ್ಕೂ ಇವೇ. ತಂತಿ ತೆಳು ಮಾಡಿದ್ರೆ, ಅಂಚು ಗುಂಡಗೆ ಮಾಡಿದ್ರೆ ಸುಳಿ ಎಷ್ಟು ಚಿಕ್ಕದಾಗತ್ತೆ ಅಂತ ಸ್ಟೆಂಟ್ ತಯಾರಿಸೋ ಮೊದಲೇ ನೋಡಬಹುದು. ನಿಮ್ಮ ಅಕ್ಕನ ಮಗಳು ಮಾಡ್ತಿರೋದು ತುಂಬಾ ಬೇಕಾದ ಕೆಲಸ, ದಯವಿಟ್ಟು ಪ್ರೋತ್ಸಾಹ ಕೊಡಿ.

ಪ್ರಶ್ನೆ: ಹಾಗಾದ್ರೆ ಅಪ್ಪನ ಸ್ಟೆಂಟ್ ಮತ್ತೆ ಬ್ಲಾಕ್ ಆಗತ್ತಾ ಅಂತ ಈ ಮಾಡೆಲ್ ಹೇಳತ್ತಾ? (ಅದೇ ಓದುಗರು)

ಉತ್ತರ: ಇಲ್ಲ. ಎಲ್ಲಿ ಅಪಾಯ ಜಾಸ್ತಿ ಅಂತ ತೋರಿಸಬಹುದು, ಆಗೇ ಆಗತ್ತೆ ಅಂತ ಹೇಳಲ್ಲ, ಯಾಕಂದ್ರೆ ಶುಗರ್, ಬೀಡಿ ಸಿಗರೇಟು, ಸ್ಟೆಂಟ್ ಪೂರ್ತಿ ಅರಳಿದೆಯಾ ಇಲ್ವಾ, ಇವೆಲ್ಲ ಸೇರಿ ಆಗೋದು. ಸ್ಟೆಂಟ್ ಬೇಕಾ ಬೇಡ್ವಾ ಅನ್ನೋ ತೀರ್ಮಾನಕ್ಕೆ ಮಾತ್ರ ಇಂಥ ಲೆಕ್ಕ ಈಗಾಗ್ಲೇ ಆಸ್ಪತ್ರೆ ಸೇರಿದೆ: ಸಿಟಿ ಸ್ಕ್ಯಾನ್‌ನಿಂದ ಬ್ಲಾಕ್‌ನ ಆಚೆ ಈಚೆ ಒತ್ತಡ ಲೆಕ್ಕ ಹಾಕೋ ಹಾರ್ಟ್‌ಫ್ಲೋ ಪದ್ಧತಿಗೆ ಅಮೆರಿಕದಲ್ಲಿ 2014ರಲ್ಲಿ ಅನುಮತಿ ಸಿಕ್ತು. ಆಚೆಯ ಒತ್ತಡ ಈಚೆಯದರ 0.80 ಪಟ್ಟು ಅಥವಾ ಅದಕ್ಕಿಂತ ಕಡಿಮೆ ಆದ್ರೆ ಆ ಬ್ಲಾಕ್ ಹೃದಯಕ್ಕೆ ರಕ್ತ ಕಮ್ಮಿ ಮಾಡ್ತಿದೆ ಅಂತ ಲೆಕ್ಕ.

ಒಂದು ಮಾತು ಕೇಳಿ. ಎದೆನೋವು ಹೋಯ್ತು ಅಂತ ಎಷ್ಟೋ ಜನ ರಕ್ತ ಹೆಪ್ಪುಗಟ್ಟದ ಹಾಗೆ ಕೊಟ್ಟಿರೋ ಮಾತ್ರೆ ತಾವಾಗೇ ನಿಲ್ಲಿಸಿಬಿಡ್ತಾರೆ. ತಂತಿಗಳ ಮೇಲೆ ಹೊಸ ಒಳಪದರ ಬೆಳೆಯೋ ತನಕ ಆ ಸುಳಿಗಳಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ತಡೀತಿರೋದು ಆ ಮಾತ್ರೆಗಳೇ. ಹಲ್ಲು ಕೀಳಿಸೋಕೆ ಹೋದ್ರೂ ಸರಿ, ಹಾರ್ಟ್ ಡಾಕ್ಟ್ರನ್ನ ಕೇಳದೇ ಅಪ್ಪಂಗೆ ಒಂದು ಮಾತ್ರೇನೂ ತಪ್ಪಿಸಬೇಡಿ.

ಪ್ರಶ್ನೆ: ಮಾಡೆಲ್‌ನಲ್ಲಿ ರಕ್ತವನ್ನ ನೀರಿನ ಥರಾ ಒಂದೇ ಸ್ನಿಗ್ಧತೆ (ದ್ರವದ ಮಂದತನ) ಅಂತ ತಗೊಂಡ್ರೆ ನಡೆಯತ್ತಾ ಸರ್? (ಇಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ದೊಡ್ಡ ನಾಳದ ಮಧ್ಯದ ಹರಿವಿಗೆ ನಡೆಯತ್ತೆ. ಆದ್ರೆ ರಕ್ತ ನಿಧಾನ ಆದ ಹಾಗೆ ಕೆಂಪು ಕಣಗಳು ಒಂದಕ್ಕೊಂದು ಅಂಟಿ ರಕ್ತದ ಸ್ನಿಗ್ಧತೆ ಜಾಸ್ತಿ ಆಗತ್ತೆ, ಮತ್ತೆ ನಿಧಾನ ಆಗೋದು ನಿಮಗೆ ಬೇಕಾಗಿರೋ ತಂತಿಯ ಹಿಂದೇನೇ. ಅದಕ್ಕೆ ಈ ಬದಲಾವಣೆಯನ್ನ ಲೆಕ್ಕಕ್ಕೆ ತಗೊಳ್ಳೋ ಕ್ಯಾರೋ ಮಾಡೆಲ್ ಹಾಕಿ ಎರಡೂ ಹೋಲಿಸಿ ನೋಡಿ. ತಂತಿ ಹತ್ರ ಮೆಶ್ (ಮೇಲೆ ಹೇಳಿದ ಪುಟ್ಟ ತುಣುಕುಗಳ ಜಾಲ) ಸಾಕಷ್ಟು ಸಣ್ಣದು ಮಾಡಿ, ಇನ್ನೂ ಸಣ್ಣ ಮಾಡಿದ್ರೂ ಉತ್ತರ ಬದಲಾಗ್ತಿಲ್ಲ ಅಂತ ಖಾತ್ರಿ ಆದ ಮೇಲೇ ಗೈಡ್ ಹತ್ರ ಹೋಗಿ.